ಜೌನ್‌ಪುರದ ಓದಿನ ಶಿಬಿರಗಳು: ಶಾಲೆಯ ಹೊರಗೆ ಏನಾಯಿತು?

ಒಂದೇ ಒಂದು ಹಾಳೆ. ಅದರಲ್ಲಿ ಕೆಲವು ಬಿಡಿ ಅಕ್ಷರಗಳು, ಕೆಲವು ಸಣ್ಣ ಪದಗಳು, ನಾಲ್ಕು ಸಾಲಿನ ಒಂದು ಪ್ಯಾರಾ, ಒಂದು ಪುಟ್ಟ ಕಥೆ. ಅಷ್ಟೇ. 2005ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಇಂಥ ಹಾಳೆ ಹಿಡಿದುಕೊಂಡು ಜನ ಮನೆ ಮನೆಗೆ ಹೋದರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇದನ್ನು ಓದು ಮಗಾ" ಅಂದರು. 7ರಿಂದ 14 ವರ್ಷದೊಳಗಿನ 17,533 ಮಕ್ಕಳ ಓದು, ಲೆಕ್ಕ ಹೀಗೆ ಪರೀಕ್ಷೆಯಾಯಿತು.

ಒಂದನೇ ತರಗತಿಯ ಮಟ್ಟದ ಸುಲಭ ಕಥೆಯನ್ನು ಓದಿ ಅರ್ಥ ಮಾಡಿಕೊಂಡವರು 100ಕ್ಕೆ 39 ಮಕ್ಕಳು. ಒಂದು ಅಕ್ಷರವನ್ನೂ ಗುರುತಿಸಲಾಗದವರು ಸುಮಾರು 15. ಹದಿನಾಲ್ಕು ವರ್ಷದವರೂ ಈ ಲೆಕ್ಕದಲ್ಲಿದ್ದಾರೆ ಅನ್ನೋದನ್ನು ಮರೆಯಬೇಡಿ.

ನಾನು ಶನಿವಾರ, ಭಾನುವಾರ ಸಂಜೆ ಮಕ್ಕಳಿಗೆ ಪಾಠ ಮಾಡುವವಳು. ಬೆಂಗಳೂರಿನ ಅಂಚಿನಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳಿವೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳು. ಅಲ್ಲಿ ಒಂದು ಚಾಪೆ ಹಾಸಿ ಕೂರುತ್ತೇವೆ. ಮೊದಲ ವರ್ಷ ನಾವು ಮಾಡಿದ ತಪ್ಪುಗಳು ಒಂದೆರಡಲ್ಲ. ಊರಿನ ಯುವಕ ಯುವತಿಯರೇ ಮಕ್ಕಳಿಗೆ ಓದಲು ಕಲಿಸಿದ ಜೌನ್‌ಪುರದ ಕಥೆ ಓದಿದಾಗ ಆ ತಪ್ಪುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ನಮ್ಮ ಹಾಗೆ ಬಿಡುವಿನ ವೇಳೆಯಲ್ಲಿ ಪಾಠ ಮಾಡುವವರಿಗೆಲ್ಲ ಈ ಪ್ರಕರಣ ಗೊತ್ತಿರಬೇಕು ಅನ್ನಿಸಿತು. ಅದಕ್ಕೆ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಊರು, ಶಾಲೆ, ಸಮಿತಿ

ಜೌನ್‌ಪುರ ಇರುವುದು ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ, ವಾರಾಣಸಿಗೆ ಹತ್ತಿರ, ಗೋಮತಿ ನದಿಯ ದಡದಲ್ಲಿ. ಒಂದು ಕಾಲಕ್ಕೆ ಶರ್ಕಿ ಸುಲ್ತಾನರ ರಾಜಧಾನಿ. ಹಳ್ಳಿಗಳಲ್ಲಿ ಜನ ಆಡುವುದು ಅವಧಿ, ಭೋಜಪುರಿ. ಶಾಲೆಯ ಪುಸ್ತಕ ಹಿಂದಿಯಲ್ಲಿ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಈ ದೂರ ನಮಗೆ ಹೊಸದಲ್ಲ. ನಮ್ಮ ಚಾಪೆಯ ಮೇಲೆ ಕೂತ ಮಗು "ಬರ್ತದ" ಅನ್ನುತ್ತದೆ, ಪಠ್ಯಪುಸ್ತಕ "ಬರುತ್ತದೆ" ಅನ್ನುತ್ತದೆ. ಮನೆಯಲ್ಲಿ ತೆಲುಗು, ಲಂಬಾಣಿ ಆಡುವ ಮಕ್ಕಳಿಗಂತೂ ಈ ದೂರ ಇನ್ನೂ ಜಾಸ್ತಿ.

ಶಾಲೆಯ ಮೇಲೆ ಊರಿನವರೇ ಕಣ್ಣಿಡಲಿ ಅಂತ ಸರ್ಕಾರ ಒಂದು ದಾರಿ ಮಾಡಿತ್ತು. ಪ್ರತಿ ಊರಿಗೂ ಒಂದು ಗ್ರಾಮ ಶಿಕ್ಷಣ ಸಮಿತಿ. ಊರಿನ ಪ್ರಧಾನ, ಅಂದರೆ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರ ಹಾಗೆ, ಒಬ್ಬರು. ಶಾಲೆಯ ಹೆಡ್‌ಮಾಸ್ಟರ್ ಒಬ್ಬರು. ಜೊತೆಗೆ ಮೂವರು ಪೋಷಕರು. ನಮ್ಮಲ್ಲಿ 2001ರಿಂದ ಇರುವ ಎಸ್‌ಡಿಎಂಸಿಯನ್ನು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ನೆನಪಿಸಿಕೊಂಡರೆ ಸಾಕು, ಹೆಚ್ಚು ಕಡಿಮೆ ಅದೇ ಆಲೋಚನೆ. ಸರ್ವ ಶಿಕ್ಷಾ ಅಭಿಯಾನದ ಹಣದ ವಿಚಾರದಲ್ಲಿ ಈ ಸಮಿತಿಗೆ ಮಾತಿತ್ತು. ಶಿಕ್ಷಾ ಮಿತ್ರ ಅನ್ನುವ ಗುತ್ತಿಗೆ ಶಿಕ್ಷಕರನ್ನು ತೆಗೆದುಕೊಳ್ಳುವ ಅಧಿಕಾರವೂ ಇತ್ತು.

ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಶೇ. 92ರಷ್ಟು ಪೋಷಕರಿಗೆ ಇಂಥದ್ದೊಂದು ಸಮಿತಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಸಮಿತಿಯಲ್ಲಿದ್ದ ಪೋಷಕರನ್ನೇ ಕೇಳಿದಾಗ ನಾಲ್ವರಲ್ಲಿ ಒಬ್ಬರಿಗೆ ತಾವು ಸದಸ್ಯರು ಅನ್ನುವ ಸಂಗತಿಯೇ ತಿಳಿದಿರಲಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಎಷ್ಟು ತಾಯಂದಿರಿಗೆ ತಮ್ಮ ಮಕ್ಕಳ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರ ಹೆಸರು ಗೊತ್ತು?

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಓದಲು ಬಾರದ ಮಗುವಿನ ಎಷ್ಟೋ ಅಪ್ಪ ಅಮ್ಮಂದಿರು "ನಮ್ಮ ಮಗ ಓದ್ತಾನೆ" ಅಂತಲೇ ನಂಬಿದ್ದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮಗು ದಿನಾ ಚೀಲ ಹೊತ್ತು ಶಾಲೆಗೆ ಹೋಗುತ್ತದೆ. ಸಂಜೆ ಪುಸ್ತಕ ತೆರೆದು ಗಟ್ಟಿಯಾಗಿ ಏನೋ ಹೇಳುತ್ತದೆ. ಓದು ಬಾರದ ತಾಯಿಗೆ ಅದು ಓದೋ, ಬಾಯಿಪಾಠವೋ ಹೇಗೆ ತಿಳಿಯಬೇಕು?

ನಮ್ಮ ಚಾಪೆಯ ಮೇಲೂ ಇದು ನಡೆದಿದೆ. ಮೂರನೇ ತರಗತಿಯ ಒಂದು ಹುಡುಗಿ ಪಾಠ ಪೂರ್ತಿ ಗಡಗಡ ಓದಿದಳು. ನನಗೆ ತುಂಬ ಖುಷಿಯಾಯಿತು. ಸುಮ್ನೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಕ್ಕಾ, ಮೊದಲಿಂದ ಅಂದ್ರ ಬರ್ತದ. ನಡುವಿಂದ ಬರಂಗಿಲ್ಲ." ಆರು ತಿಂಗಳಿಂದ ಅವಳು ನಮ್ಮ ಹತ್ತಿರ ಬರುತ್ತಿದ್ದಳು. ಅಷ್ಟು ದಿನ ನಾವು ಅದನ್ನು ನೋಡಿಯೇ ಇರಲಿಲ್ಲ.

ಮೂರು ಬಗೆಯ ಪ್ರಯತ್ನ

ಜೌನ್‌ಪುರದ ಕೆಲಸ ಮಾಡಿದ್ದು ಪ್ರಥಮ್ ಸಂಸ್ಥೆ. 1995ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಪುಟ್ಟ ಮಕ್ಕಳ ಬಾಲವಾಡಿಗಳಿಂದ ಶುರುವಾದದ್ದು ಅದು. ಕಟ್ಟಿದವರು ಮಾಧವ ಚವಾಣ್ ಮತ್ತು ಫರೀದಾ ಲಾಂಬೆ. ಊರಿನ ಹುಡುಗ ಹುಡುಗಿಯರ ಕೈಯಿಂದಲೇ ಊರಿನ ಮಕ್ಕಳಿಗೆ ಕಲಿಸುವುದು ಅವರ ಹಳೆಯ ದಾರಿ. ಜೌನ್‌ಪುರದಲ್ಲಿ ಅವರ ಜೊತೆ ಸಂಶೋಧಕರೂ ಇದ್ದರು: ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚಲ್ ಗ್ಲೆನರ್‌ಸ್ಟರ್, ಸ್ತುತಿ ಖೇಮಾನಿ, ಮತ್ತು ಪ್ರಥಮ್‌ನವರೇ ಆದ ರುಕ್ಮಿಣಿ ಬ್ಯಾನರ್ಜಿ. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇಬ್ಬರು ಈ ತಂಡದವರು.

280 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. 85 ಹಳ್ಳಿಗಳಲ್ಲಿ ಏನೂ ಮಾಡಲಿಲ್ಲ, ಅವು ಹೋಲಿಕೆಗೆ. ಉಳಿದ ಮೂರು ಗುಂಪುಗಳಲ್ಲಿ ತಲಾ 65 ಹಳ್ಳಿ.

ಮೊದಲ ಗುಂಪಿನಲ್ಲಿ ಬರೀ ಮಾಹಿತಿ. ಪ್ರಥಮ್‌ನವರು ಕೇರಿ ಕೇರಿಗೆ ಹೋಗಿ ಸಣ್ಣ ಸಭೆ ಮಾಡಿದರು. ಆಮೇಲೆ ಇಡೀ ಊರಿನ ಸಭೆ. ಪ್ರಧಾನರು, ಹೆಡ್‌ಮಾಸ್ಟರ್ ಎಲ್ಲರೂ ಇರುವ ಸಭೆ. ಸಮಿತಿ ಅಂದರೆ ಏನು, ಅದಕ್ಕೆ ಯಾವ ಹಕ್ಕುಗಳಿವೆ, ಶಾಲೆಗೆ ಎಷ್ಟು ಹಣ ಬರುತ್ತದೆ, ಎಲ್ಲ ಹೇಳಿದರು. ಮಾತು ಮತ್ತೆ ಮತ್ತೆ ವಿದ್ಯಾರ್ಥಿವೇತನ, ಬಿಸಿಯೂಟದ ಕಡೆಗೇ ಜಾರುತ್ತಿತ್ತಂತೆ. ಅದು ಸಹಜ. ಊಟ ಕಣ್ಣಿಗೆ ಕಾಣುತ್ತದೆ, ಹಣ ಕೈಗೆ ಬರುತ್ತದೆ. ಓದು ಬಂತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಎರಡನೇ ಗುಂಪಿನಲ್ಲಿ ಈ ಸಭೆಗಳ ಜೊತೆಗೆ ಆ ಹಾಳೆಯನ್ನೂ ಊರಿನವರ ಕೈಗೆ ಕೊಟ್ಟರು. ಅದನ್ನು ಬಳಸುವುದು ಹೇಗೆ ಅಂತ ಕಲಿಸಿದರು. ಊರಿನವರೇ ತಮ್ಮ ಕೇರಿಯ ಮಕ್ಕಳನ್ನು ಪರೀಕ್ಷೆ ಮಾಡಿ, ಎಷ್ಟು ಮಕ್ಕಳಿಗೆ ಓದು ಬರುತ್ತದೆ ಅಂತ ಪಟ್ಟಿ ಮಾಡಿದರು. ಆ ಪಟ್ಟಿ ಊರಿನ ಸಭೆಗೆ ಬಂತು.

ಮೂರನೇ ಗುಂಪಿನಲ್ಲಿ ಇದೆಲ್ಲದರ ಜೊತೆಗೆ ಇನ್ನೊಂದು ಮಾತು ಕೇಳಿದರು: "ನಿಮ್ಮಲ್ಲಿ ಯಾರಾದರೂ ಈ ಮಕ್ಕಳಿಗೆ ಓದಲು ಕಲಿಸುತ್ತೀರಾ? ಹೇಗೆ ಅಂತ ನಾವು ಹೇಳಿಕೊಡುತ್ತೇವೆ."

ಒಂದು ವರ್ಷದ ನಂತರ ಮತ್ತೆ ಎಲ್ಲ ಹಳ್ಳಿಗಳಿಗೂ ಹೋಗಿ ನೋಡಿದರು. ಸಮಿತಿಗಳು ಮೂರು ಗುಂಪಿನಲ್ಲೂ ಮೊದಲಿದ್ದ ಹಾಗೇ ಇದ್ದವು. ಪೋಷಕರು ಶಾಲೆಗೆ ಹೆಚ್ಚು ಹೋಗಲಿಲ್ಲ. ಶಿಕ್ಷಕರ ಹಾಜರಿಯಾಗಲಿ, ಪಾಠವಾಗಲಿ ಬದಲಾಗಲಿಲ್ಲ. ಎರಡನೇ ಗುಂಪಿನವರು ತಮ್ಮ ಕೈಯಾರೆ ಪರೀಕ್ಷೆ ಮಾಡಿ, ಮಕ್ಕಳಿಗೆ ಓದು ಬರುತ್ತಿಲ್ಲ ಅಂತ ಕಣ್ಣಾರೆ ಕಂಡರೂ ಶಾಲೆಯಲ್ಲಿ ಏನೂ ಆಗಲಿಲ್ಲ.

ಆದರೆ ಮೂರನೇ ಗುಂಪಿನಲ್ಲಿ ಊರಿನ ಯುವಕ ಯುವತಿಯರು ಎದ್ದು ನಿಂತರು. 65ರಲ್ಲಿ 55 ಹಳ್ಳಿಗಳಲ್ಲಿ ಓದಿನ ಶಿಬಿರ ಶುರುವಾಯಿತು. ಸಂಬಳವಿಲ್ಲದೆ ಪಾಠಕ್ಕೆ ನಿಂತವರು 400ಕ್ಕೂ ಹೆಚ್ಚು. ಬಂದ ಮಕ್ಕಳು 7,453.

ಯಾಕೆ ಹೀಗೆ?

ನಾನು ಈ ಪ್ರಕರಣದಲ್ಲಿ ಜಾಸ್ತಿ ಹೊತ್ತು ನಿಂತದ್ದು ಇಲ್ಲಿಯೇ. ಅದೇ ಊರು, ಅದೇ ಜನ, ಅದೇ ಸಭೆ. ಶಾಲೆಯನ್ನು ಪ್ರಶ್ನೆ ಮಾಡಿ ಅಂದಾಗ ಯಾರೂ ಮುಂದೆ ಬರಲಿಲ್ಲ. ಮಕ್ಕಳಿಗೆ ಕಲಿಸಿ ಅಂದಾಗ ನೂರಾರು ಜನ ಬಂದರು. "ಹಳ್ಳಿಯ ಜನಕ್ಕೆ ಓದಿನ ಮೇಲೆ ಆಸಕ್ತಿ ಇಲ್ಲ" ಅಂತ ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಆ ಮಾತು ಸುಳ್ಳು ಅಂತ ಈ 55 ಹಳ್ಳಿಗಳು ತೋರಿಸಿವೆ.

ಸಮಿತಿಯ ಸದಸ್ಯನಾದ ಒಬ್ಬ ಕೂಲಿಕಾರ ಅಪ್ಪನ ಜಾಗದಲ್ಲಿ ನಿಂತು ನೋಡಿ. ಅವನು ಹೆಡ್‌ಮಾಸ್ಟರ್ ಎದುರು ನಿಂತು "ಮೇಷ್ಟ್ರು ಯಾಕೆ ಪಾಠ ಮಾಡ್ತಿಲ್ಲ?" ಅಂತ ಕೇಳಬೇಕು. ಹೆಡ್‌ಮಾಸ್ಟರ್ ಅದೇ ಸಮಿತಿಯಲ್ಲಿ ಕೂತಿದ್ದಾರೆ. ಶಿಕ್ಷಕರ ಸಂಬಳ, ವರ್ಗಾವಣೆ ಯಾವುದೂ ಊರಿನ ಕೈಯಲ್ಲಿಲ್ಲ. ಕೇಳಿದ ಮೇಲೆ ನಾಳೆ ಅವನ ಮಗ ಅದೇ ತರಗತಿಯಲ್ಲಿ ಕೂರಬೇಕು. ಇಷ್ಟೆಲ್ಲ ಮಾಡಿದರೂ ಮಗನಿಗೆ ಓದು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಒಬ್ಬನೇ ಮಾಡುವ ಕೆಲಸವೂ ಅದಲ್ಲ, ಹತ್ತು ಜನ ಒಟ್ಟಿಗೆ ನಿಲ್ಲಬೇಕು.

ಪಾಠ ಮಾಡುವ ಹುಡುಗಿಗೆ ಇವೆಲ್ಲ ಯಾವುದೂ ಅಡ್ಡ ಬರುವುದಿಲ್ಲ. ಅವಳಿಗೆ ಯಾರ ಅಪ್ಪಣೆಯೂ ಬೇಡ. ಮಕ್ಕಳನ್ನು ಕರೆದು ಕೂರಿಸಿದರೆ ಕೆಲಸ ಶುರು. ಎರಡು ವಾರದಲ್ಲಿ ಒಂದು ಮಗು 'ಕಮಲ' ಅಂತ ಕೂಡಿಸಿ ಓದಿದರೆ ಅದು ಅವಳ ಕಣ್ಣೆದುರೇ ಆಗುತ್ತದೆ. ಆ ಸಂತೋಷ ಎಂಥದ್ದು ಅಂತ ಪಾಠ ಮಾಡಿದವರಿಗೆ ಗೊತ್ತು. ಇದು ನನ್ನ ತಿಳಿವಳಿಕೆ. ಆದರೆ ಶೆಡ್‌ಗಳ ನಡುವೆ ಕೂತು ನಾಲ್ಕಾರು ವರ್ಷ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನವಿಲ್ಲ.

ಶಿಬಿರದೊಳಗೆ

400 ಜನ ಬಂದರು ಅನ್ನುವುದು ಅರ್ಧ ಕಥೆ. ಬಂದವರಿಗೆ ಏನು ಸಿಕ್ಕಿತು ಅನ್ನುವುದು ಉಳಿದರ್ಧ. ನಮ್ಮಂಥ ಗುಂಪುಗಳು ಗಮನ ಕೊಡಬೇಕಾದದ್ದು ಇಲ್ಲಿಗೆ.

ಪಾಠ ಮಾಡುವವರಿಗೆ ಮೊದಲು ನಾಲ್ಕು ದಿನದ ತರಬೇತಿ. ಶಿಬಿರ ನಡೆದದ್ದು ಎರಡರಿಂದ ಮೂರು ತಿಂಗಳು, ದಿನಕ್ಕೆ ಸುಮಾರು ಎರಡು ಗಂಟೆ. ಆ ಅವಧಿಯಲ್ಲಿ ಪ್ರಥಮ್‌ನವರು ಸರಾಸರಿ ಏಳು ಸಲ ಬಂದು ನೋಡಿ, ಜೊತೆಗೆ ಕೂತು, ಎಲ್ಲಿ ತೊಡಕಾಗಿದೆ ಅಂತ ಕೇಳಿ ಹೋದರು. ಲೆಕ್ಕ ಹಾಕಿ ನೋಡಿ: ಒಂದು ಹಳ್ಳಿಗೆ ಸುಮಾರು ಏಳು ಜನ ಪಾಠ ಮಾಡುವವರು, ಸುಮಾರು 135 ಮಕ್ಕಳು. ಒಬ್ಬರ ಪಾಲಿಗೆ ಹದಿನೆಂಟು ಹತ್ತೊಂಬತ್ತು ಮಕ್ಕಳು.

ಪಾಠದ ಕ್ರಮ ತುಂಬ ಸರಳ. ಮಗು ಯಾವ ತರಗತಿ ಅಂತ ಕೇಳುವುದಿಲ್ಲ. ಆ ಹಾಳೆ ಕೊಟ್ಟು ನೋಡುತ್ತಾರೆ. ಅಕ್ಷರ ಬಾರದವರು ಒಂದು ಗುಂಪು, ಅಕ್ಷರ ಬಂದು ಪದ ಬಾರದವರು ಇನ್ನೊಂದು, ಪದ ಬಂದು ಪ್ಯಾರಾ ಬಾರದವರು ಮತ್ತೊಂದು. ಐದನೇ ತರಗತಿಯ ಹುಡುಗ, ಎರಡನೇ ತರಗತಿಯ ಹುಡುಗಿ ಒಂದೇ ಗುಂಪಿನಲ್ಲಿ ಕೂರಬಹುದು. ಮೇಲಕ್ಕೆ ಹೋದ ಹಾಗೆ ಗುಂಪು ಬದಲಾಗುತ್ತದೆ.

ಕಲಿಸುವುದಕ್ಕೆ ಅವರು ಬಳಸುವ ಮುಖ್ಯ ಸಾಧನ ಹಿಂದಿಯ ಬಾರಹ್‌ಖಡಿ ಚಾರ್ಟು. ಕ, ಕಾ, ಕಿ, ಕೀ ಅಂತ ಸಾಲಾಗಿ ಹೋಗುವುದು. ನಮ್ಮ ಕಾಗುಣಿತವೇ. ಮಕ್ಕಳು ಅದನ್ನು ಅಡ್ಡ ಸಾಲಿನಲ್ಲಿ ಓದುತ್ತಾರೆ, ಉದ್ದ ಸಾಲಿನಲ್ಲಿ ಓದುತ್ತಾರೆ, ಎಲ್ಲೆಂದರಲ್ಲಿ ಬೆರಳಿಟ್ಟು ಓದುತ್ತಾರೆ. ಅದರಿಂದ ಅಕ್ಷರ ಆರಿಸಿ ಪದ ಕಟ್ಟುತ್ತಾರೆ. ನೆಲದ ಮೇಲೆ ಅಕ್ಷರ ಬರೆದು ಅದರ ಮೇಲೆ ಹಾರುವ ಆಟವಿದೆ. ಮೊದಲ ದಿನದಿಂದಲೇ ಕಥೆಯೂ ಇದೆ. ಕಲಿಸುವವರು ಬೆರಳಿಟ್ಟು ಓದುತ್ತಾರೆ, ಮಕ್ಕಳು ಜೊತೆಗೆ ಓದುತ್ತಾರೆ, ಆಮೇಲೆ ಕಥೆಯ ಬಗ್ಗೆ ಮಾತಾಡುತ್ತಾರೆ, ತೋಚಿದ್ದು ಬರೆಯುತ್ತಾರೆ. ಅಕ್ಷರ ಪೂರ್ತಿ ಬರುವ ತನಕ ಕಥೆ ಮುಟ್ಟಬೇಡ ಅನ್ನುವ ನಿಯಮ ಇಲ್ಲ.

ನಾವು ಮಾಡಿದ್ದು ಇದರ ತದ್ವಿರುದ್ಧ. ಮೊದಲ ವರ್ಷ ನಾವು ಮಕ್ಕಳನ್ನು ತರಗತಿವಾರು ಕೂರಿಸಿದೆವು. ನಾಲ್ಕನೆಯವರಿಗೆ ನಾಲ್ಕರ ಪಾಠ, ಐದನೆಯವರಿಗೆ ಐದರ ಪಾಠ. ಶಾಲೆಯ ಹೋಂವರ್ಕ್ ಮುಗಿಸುವುದೇ ನಮ್ಮ ಕೆಲಸ ಅಂದುಕೊಂಡೆವು. ಓದು ಬರುವ ಮಕ್ಕಳು ಮುಂದೆ ಕೂತು ಉತ್ತರ ಹೇಳಿದರು, ಬಾರದವರು ಹಿಂದೆ ಕೂತು ನಕಲು ಮಾಡಿಕೊಂಡರು. ನೋಟ್‌ಬುಕ್ಕು ಚೆನ್ನಾಗಿ ತುಂಬಿತು. ಶಾಲೆಯಲ್ಲಿ ಬೆಳಿಗ್ಗೆ ಆದದ್ದನ್ನೇ ನಾವು ಸಂಜೆ ಮತ್ತೊಮ್ಮೆ ಮಾಡುತ್ತಿದ್ದೆವು.

ಕನ್ನಡದಲ್ಲಿ ಇನ್ನೊಂದು ಕಷ್ಟವಿದೆ. ಕಾಗುಣಿತ ದಾಟಿದ ಮಗು ಒತ್ತಕ್ಷರದ ಹತ್ತಿರ ನಿಂತುಬಿಡುತ್ತದೆ. 'ಅಕ್ಕ' ಅನ್ನುವುದನ್ನು 'ಅಕ' ಅಂತ ಓದುತ್ತದೆ. ಆಮೇಲೆ ಅರ್ಥ ಸಿಗದೆ ತಲೆ ಎತ್ತಿ ನೋಡುತ್ತದೆ. 'ಪದ' ಅನ್ನುವ ಒಂದೇ ಮೆಟ್ಟಿಲನ್ನು ನಾವು ಈಗ ಎರಡು ಮಾಡಿಕೊಂಡಿದ್ದೇವೆ: ಒತ್ತಿಲ್ಲದ ಪದ, ಒತ್ತಿರುವ ಪದ. ಇದರಿಂದ ತುಂಬ ಅನುಕೂಲವಾಗಿದೆ.

ಫಲ ಎಷ್ಟು? ಲೆಕ್ಕ ಹೇಗೆ?

ಶಿಬಿರಕ್ಕೆ ಬಂದ ಮಕ್ಕಳು ಕಲಿತರು ಅಂದರೆ ಒಬ್ಬರು ಕೇಳಬಹುದು: "ಬಂದವರು ಮೊದಲೇ ಚುರುಕಾದ ಮಕ್ಕಳು ಇರಬಹುದಲ್ಲ?" ಸರಿಯಾದ ಪ್ರಶ್ನೆ. ಅದಕ್ಕಾಗಿಯೇ ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿದ್ದು. ಬಂದ ಮಕ್ಕಳನ್ನು ಮಾತ್ರ ನೋಡುವುದಿಲ್ಲ. ಶಿಬಿರ ಇದ್ದ ಹಳ್ಳಿಯ ಎಲ್ಲ ಮಕ್ಕಳನ್ನೂ, ಶಿಬಿರ ಇಲ್ಲದ ಹಳ್ಳಿಯ ಎಲ್ಲ ಮಕ್ಕಳನ್ನೂ ಎದುರೆದುರು ಇಡುತ್ತಾರೆ. ಚುರುಕಾದವರು, ನಿಧಾನದವರು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇರುತ್ತಾರೆ.

ಹೀಗೆ ಅಂದುಕೊಳ್ಳಿ. ಶಿಬಿರದ ಹಳ್ಳಿಗಳಲ್ಲಿ ಮೊದಲು ಒಂದು ಅಕ್ಷರವೂ ಬಾರದ 100 ಮಕ್ಕಳಿದ್ದರು. ಅವರಲ್ಲಿ ಶಿಬಿರಕ್ಕೆ ಬಂದವರು 13. ಶಿಬಿರ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಈ 100ರಲ್ಲಿ ಸುಮಾರು 8 ಮಕ್ಕಳು ಹೆಚ್ಚಾಗಿ ಅಕ್ಷರ ಕಲಿತಿದ್ದರು. ಆ 8 ಮಕ್ಕಳ ಲಾಭ ಬಂದದ್ದು ಆ 13 ಮಕ್ಕಳಿಂದ. 13ಕ್ಕೆ 8 ಅಂದರೆ ಸುಮಾರು ಶೇ. 60. ಹೋಲಿಕೆಯ ಹಳ್ಳಿಗಳಲ್ಲಿ ಇಂಥ 100 ಮಕ್ಕಳಲ್ಲಿ ಸುಮಾರು 40 ಮಕ್ಕಳು ವರ್ಷದಲ್ಲಿ ತಾವಾಗಿಯೇ ಅಕ್ಷರ ಕಲಿಯುತ್ತಾರೆ. 40ಕ್ಕೆ 60 ಸೇರಿಸಿದರೆ 100. ಶಿಬಿರಕ್ಕೆ ಬಂದ, ಅಕ್ಷರ ಬಾರದ ಮಕ್ಕಳೆಲ್ಲ ಅಕ್ಷರ ಕಲಿತರು ಅಂತಾಯಿತು. ಮೊದಲೇ ಅಕ್ಷರ ಬಂದು, ಪದ ಓದಲಾಗದೆ ಇದ್ದ ಮಕ್ಕಳ ವಿಷಯದಲ್ಲಿ, ಶಿಬಿರಕ್ಕೆ ಬಂದವರು ಕಥೆ ಓದಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ 100ಕ್ಕೆ 26ರಷ್ಟು ಹೆಚ್ಚಾಯಿತು.

ನಾಲ್ಕು ದಿನದ ತರಬೇತಿ, ಎರಡು ಮೂರು ತಿಂಗಳ ಪಾಠ. ಕಲಿಸಿದವರು ಬಿ.ಎಡ್ ಮಾಡಿದವರಲ್ಲ, ಪಕ್ಕದ ಮನೆಯ ಅಕ್ಕ, ಎದುರು ಮನೆಯ ಅಣ್ಣ. ಇಷ್ಟರಿಂದ ಇಷ್ಟು ಆಯಿತು. ನನಗೆ ಈ ಅಂಕಿಗಳನ್ನು ನೋಡಿದಾಗ ನಿಜಕ್ಕೂ ಕಣ್ಣು ತುಂಬಿತು. ಅಷ್ಟು ವರ್ಷ ಶಾಲೆಯಲ್ಲಿ ಕೂತಿದ್ದ ಆ ಮಕ್ಕಳಿಗೆ ಬೇಕಾಗಿದ್ದದ್ದು ಬರೀ ಇಷ್ಟು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಬೇಕು. ಓದಲು ಬಾರದ 100 ಮಕ್ಕಳಲ್ಲಿ 87 ಮಕ್ಕಳು ಬರಲೇ ಇಲ್ಲ. ಊರಿನ ಎಲ್ಲ ಮಕ್ಕಳನ್ನು ಲೆಕ್ಕ ಹಿಡಿದರೆ ಬಂದವರು 100ಕ್ಕೆ 8. ಹೀಗಾಗಿ ಇಡೀ ಊರಿನ ಸರಾಸರಿ ನೋಡಿದರೆ ಬದಲಾವಣೆ 100ಕ್ಕೆ ಎರಡಕ್ಕಿಂತ ಕಡಿಮೆ. ಯಾರೋ ಒಬ್ಬರು ಹೊರಗಿನಿಂದ ಬಂದು ಊರನ್ನು ನೋಡಿದರೆ ಏನೂ ಆಗಿಲ್ಲ ಅಂತಲೇ ಹೇಳಿಯಾರು.

ನಾವು ಪಾಠ ಮಾಡುವವರು ಸಾಮಾನ್ಯವಾಗಿ ಎಣಿಸುವುದು ಬಂದವರನ್ನು. "ಇವತ್ತು 22 ಮಕ್ಕಳು ಬಂದಿದ್ರು" ಅಂತ ಗುಂಪಿನಲ್ಲಿ ಹಾಕುತ್ತೇವೆ, ಫೋಟೊ ಹಾಕುತ್ತೇವೆ. ಶೆಡ್‌ಗಳಲ್ಲಿ ಒಟ್ಟು ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಓದು ಬಾರದವರು ಎಷ್ಟು ಅಂತ ನಮಗೆ ಮೂರು ವರ್ಷ ಗೊತ್ತೇ ಇರಲಿಲ್ಲ.

ಶಾಲೆಯ ಬಾಗಿಲಲ್ಲಿ

ಜೌನ್‌ಪುರದ ನಂತರ ಪ್ರಥಮ್ 2007ರಲ್ಲಿ 'ರೀಡ್ ಇಂಡಿಯಾ' ಅಂತ ಇದನ್ನು ದೇಶದ ಬೇರೆ ಬೇರೆ ಕಡೆಗೆ ಒಯ್ದಿತು. ಅದರಲ್ಲಿ ಎರಡು ರಾಜ್ಯಗಳ ಅನುಭವವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಪಾಠ ಮಾಡುವವರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಬಿಹಾರದ ಪಶ್ಚಿಮ ಚಂಪಾರಣ್‌ನಲ್ಲಿ ಊರಿನ ಸ್ವಯಂಸೇವಕರು ಹೆಚ್ಚಾಗಿ ಶಾಲೆಯ ಸಮಯದ ಹೊರಗೆ ಪಾಠ ಮಾಡಿದರು. ಮಕ್ಕಳು ಕಲಿತರು. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಶಾಲೆಯ ಒಳಗೆ ಕಳಿಸಿದರು. ಅಲ್ಲಿ ಅವರು ಮತ್ತೊಬ್ಬ ಮೇಷ್ಟ್ರಾಗಿ ಹೋದರು. ಎಂದಿನ ಪಾಠ, ಎಂದಿನ ಪುಸ್ತಕ. ಮಕ್ಕಳ ಓದಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈ ಜಾಸ್ತಿ ಆದ ಮಾತ್ರಕ್ಕೆ ಓದು ಬರುವುದಿಲ್ಲ. ಓದು ಬಾರದ ಮಗುವಿಗೆ ಅಂತಲೇ ಇಟ್ಟ ಹೊತ್ತು ಬೇಕು.

ಅದೇ ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸರ್ಕಾರಿ ಶಿಕ್ಷಕರೇ ರಜೆಯಲ್ಲಿ ಒಂದು ತಿಂಗಳ ಶಿಬಿರ ಮಾಡಿದರು. ಹಿಂದುಳಿದ ಮಕ್ಕಳಿಗೆ ಮಾತ್ರ. ಆ ಒಂದು ತಿಂಗಳಲ್ಲಿ ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಆದರೆ ಶಾಲೆ ತೆರೆದ ಮೇಲೆ ತರಬೇತಿ, ಸಾಮಗ್ರಿ ಕೊಟ್ಟರೂ ಫಲ ಸಿಗಲಿಲ್ಲ. ರಜೆಯಲ್ಲಿ ಚೆನ್ನಾಗಿ ಕಲಿಸಿದ್ದು, ಶಾಲೆ ತೆರೆದ ಮೇಲೆ ಕಲಿಸಲಾಗದ್ದು ಎರಡೂ ಅದೇ ಸರ್ಕಾರಿ ಶಿಕ್ಷಕರ ಬಳಗ. ಸರ್ಕಾರಿ ಶಾಲೆಯ ಶಿಕ್ಷಕರನ್ನು ಸುಮ್ಮನೆ ಬೈಯುವವರಿಗೆ ನಾನು ಈ ವಿಷಯ ಹೇಳುತ್ತೇನೆ. ಅವರಿಗೆ ಕಲಿಸಲು ಬರುತ್ತದೆ. ಪಠ್ಯಪುಸ್ತಕ ಮುಗಿಸಬೇಕಾದ ಒತ್ತಡ ಇಲ್ಲದಿದ್ದರೆ ಕಲಿಸುತ್ತಾರೆ. ನಮ್ಮ ಶೆಡ್‌ಗಳ ಹತ್ತಿರದ ಶಾಲೆಯ ಮಿಸ್ ಒಬ್ಬರು ಒಮ್ಮೆ ಹೇಳಿದರು: "ಸಿಲಬಸ್ ಮುಗಿಸಿಲ್ಲ ಅಂದ್ರೆ ನನ್ನ ಕೇಳ್ತಾರೆ. ಮಗುಗೆ ಓದೋಕೆ ಬರಲ್ಲ ಅಂದ್ರೆ ಯಾರೂ ಕೇಳಲ್ಲ." ಅವರ ದನಿಯಲ್ಲಿ ನೋವಿತ್ತು.

ಮುಂದೆ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೇ ಮೀಸಲಿಟ್ಟು, ಶಿಕ್ಷಕರಿಂದಲೇ ಮಾಡಿಸಿ ನೋಡಿದರು. ಉತ್ತರ ಪ್ರದೇಶದ ಉನ್ನಾವ್, ಸೀತಾಪುರ ಜಿಲ್ಲೆಗಳಲ್ಲಿ 10 ದಿನ, 20 ದಿನದ ಬಿರುಸಿನ ಶಿಬಿರಗಳನ್ನು ಶಾಲೆಯಲ್ಲೇ ಮಾಡಿದರು. ಎರಡೂ ಕಡೆ ಫಲ ಬಂತು. ಉತ್ತರ ಪ್ರದೇಶದಲ್ಲಂತೂ ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳ ಪಾಲು ಹೆಚ್ಚು ಕಡಿಮೆ ದುಪ್ಪಟ್ಟಾಯಿತು. ನಮ್ಮ ರಾಜ್ಯದಲ್ಲಿ ಇದೇ ಮಾದರಿ 'ಓದು ಕರ್ನಾಟಕ' ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ಬಂದಿದೆ.

ನಮಗೆ ಇದು ಎಷ್ಟು ಬೇಕಿತ್ತು ಅನ್ನುವುದಕ್ಕೆ ಒಂದು ಅಂಕಿ. ಪ್ರಥಮ್ ನಡೆಸುವ 'ಅಸರ್' ಸಮೀಕ್ಷೆಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ಐದನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ 100ಕ್ಕೆ 46 ಇದ್ದರು. ಕೊರೊನಾ ಕಾಲ ಕಳೆದು 2022ರಲ್ಲಿ ನೋಡಿದಾಗ ಸುಮಾರು 30ಕ್ಕೆ ಇಳಿದಿತ್ತು. ಆ ನಡುವೆ 2020ರಲ್ಲಿ ಶಾಲೆ ಮುಚ್ಚಿದ್ದಾಗ 'ವಿದ್ಯಾಗಮ' ಅಂತ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಸೋಂಕಿನ ಭಯದಿಂದ ಅದನ್ನು ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು.

ಬಾರದ 87 ಮಕ್ಕಳು

ಜೌನ್‌ಪುರದ ಅಂಕಿಗಳಲ್ಲಿ ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಆ 87. ಶಿಬಿರ ಊರಲ್ಲೇ ಇತ್ತು. ಹಣ ಕೇಳುತ್ತಿರಲಿಲ್ಲ. ಕಲಿಸುವವರು ಪರಿಚಯದವರು. ಆದರೂ ಯಾರಿಗೆ ಜಾಸ್ತಿ ಬೇಕಿತ್ತೋ ಅವರೇ ಬರಲಿಲ್ಲ.

ಅದಕ್ಕೆ ಹೋದ ವರ್ಷ ನಾವು ಪಾಠ ನಿಲ್ಲಿಸಿ ಎರಡು ಶನಿವಾರ, ಎರಡು ಭಾನುವಾರ ಶೆಡ್ ಶೆಡ್‌ಗೆ ಹೋದೆವು. ಹಾಳೆ ಹಿಡಿದುಕೊಂಡೇ ಹೋದೆವು. ಅಮ್ಮಂದಿರ ಎದುರೇ ಮಕ್ಕಳನ್ನು ಓದಿಸಿದೆವು. ಒಬ್ಬ ತಾಯಿ ಮಗನ ಕಡೆ ನೋಡಿ "ದಿನಾ ಸಾಲಿಗಿ ಹೋಗ್ತಾನಲ್ರೀ" ಅಂತ ಒಂದೇ ಮಾತು ಹೇಳಿ ಸುಮ್ಮನಾದರು. ನಮಗೆ ಅಲ್ಲಿ ಏನು ಹೇಳಬೇಕೋ ತಿಳಿಯಲಿಲ್ಲ.

ಬಾರದೆ ಇರಲು ಕಾರಣಗಳು ಒಂದೊಂದೂ ಸಣ್ಣವು. ಸಂಜೆ ಐದೂವರೆಗೆ ನೀರಿನ ಟ್ಯಾಂಕರ್ ಬರುತ್ತದೆ, ಕೊಡ ಹಿಡಿದು ಸಾಲಲ್ಲಿ ನಿಲ್ಲುವುದು ಮಕ್ಕಳೇ. ನಾವು ಪಾಠ ಇಟ್ಟದ್ದೂ ಐದೂವರೆಗೆ. ಹನ್ನೆರಡು ವರ್ಷದ ಹುಡುಗನಿಗೆ ಆರು ವರ್ಷದವರ ಜೊತೆ ಅಕ್ಷರ ಹೇಳಲು ನಾಚಿಕೆ. ಹುಡುಗಿಯರಿಗೆ ಪುಟ್ಟ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಅಮ್ಮ ಕೆಲಸದಿಂದ ಬರುವ ತನಕ ಸೊಂಟದ ಮೇಲಿನ ಕೂಸನ್ನು ಕೆಳಗೆ ಇಳಿಸುವ ಹಾಗಿಲ್ಲ.

ಪಾಠವನ್ನು ಆರೂಮುಕ್ಕಾಲಿಗೆ ತೆಗೆದುಕೊಂಡು ಹೋದೆವು. ದೊಡ್ಡ ಹುಡುಗರಿಗೆ ಬೇರೆ ಮೂಲೆ, ಬೇರೆ ಪುಸ್ತಕ. ಬಸ್ಸಿನ ಬೋರ್ಡು, ಮೊಬೈಲಿನ ಮೆಸೇಜು, ಕೂಲಿ ಚೀಟಿ ಅವರಿಗೆ ಓದುವ ಸಾಮಗ್ರಿ. ಕೂಸುಗಳನ್ನು ಎತ್ತಿಕೊಂಡೇ ಬನ್ನಿ ಅಂದೆವು. ಎಲ್ಲರೂ ಬಂದಿಲ್ಲ. ಪಟ್ಟಿಯಲ್ಲಿ ಓದು ಬಾರದ 41 ಹೆಸರುಗಳಿದ್ದವು. ಈಗ 19 ಮಕ್ಕಳು ಬಿಡದೆ ಬರುತ್ತಾರೆ. ನಡುವೆ ಕೆಲವು ಕುಟುಂಬಗಳು ಬೇರೆ ಸೈಟಿಗೆ ಹೋದವು, ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ.

"ನಡುವಿಂದ ಬರಂಗಿಲ್ಲ" ಅಂದಿದ್ದ ಹುಡುಗಿ ಈಗ ಐದನೇ ತರಗತಿ. ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಾಪೆಯ ತುದಿಯಲ್ಲಿ ಕೂರುತ್ತಾಳೆ. ಕಳೆದ ವಾರ ಅವನು ಕಾಗುಣಿತದ ಚಾರ್ಟಿನ ನಟ್ಟ ನಡುವೆ ಎಲ್ಲೋ ಬೆರಳಿಟ್ಟು ಅವಳ ಮುಖ ನೋಡಿದ. ಅವಳು "ಮೂ" ಅಂದಳು. ಅವನು ಬೆರಳು ಪಕ್ಕಕ್ಕೆ ಸರಿಸಿದ.